ತೌಡಿಗೆ ಕೊಂಡ ಮಗ

ಬಿಸಿನೀರಿಗೆ ಬಿದ್ದ ತೌಡಿನ ವಾಸನೆ ನಿಮಗೆ ಗೊತ್ತಿರಬಹುದು. ಒಂದಿಷ್ಟು ಸಿಹಿ, ಒಂದಿಷ್ಟು ಹುಳಿ, ಹಳೆಯ ಗೋಣಿಚೀಲದ ಕಮಟು, ಅದರ ಮೇಲೆ ಎಮ್ಮೆಯ ಬೆಚ್ಚನೆಯ ಉಸಿರು. ರಾಯದುರ್ಗದಲ್ಲಿ ನಮ್ಮ ಓಣಿಯ ತಿರುವಿನ ಮನೆಯವರು ಇನ್ನೂ ಒಂದು ಎಮ್ಮೆ ಕಟ್ಟಿದ್ದಾರೆ. ಬೆಳಿಗ್ಗೆ ಅವರು ಬಾನಿಯಲ್ಲಿ ತೌಡು ಕಲೆಸುವ ಹೊತ್ತಿಗೆ ನಾನು ಆ ದಾರಿ ಬಿಟ್ಟು ಸುತ್ತಿ ಹೋಗುತ್ತೇನೆ. ಗಾಳಿ ಬಿಡಬೇಕಲ್ಲ! ಅಡುಗೆಮನೆಯ ಕಿಟಕಿಯವರೆಗೂ ಅದು ಹಿಂದೆ ಬರುತ್ತದೆ. ಆಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತೇನೆ, ಬಾಗಿಲಲ್ಲಿ ನಿಂತವಳು ಯಾಕೆ ಬಂದೆನೆಂದು ಮರೆತು ಒಳಗೆ ಹೋಗುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಈಗೀಗಂತೂ ಇದು ಹೆಚ್ಚಾಗಿದೆ. ಕಾರಣ ಒಂದು ಹೆಸರು.

ನನ್ನ ಅಣ್ಣ ತೀರಿಕೊಂಡು ವರ್ಷ ತುಂಬುವುದರೊಳಗೆ ಅವನ ಮಗ ಮಂಜುವಿಗೆ ಗಂಡುಮಗು ಹುಟ್ಟಿತು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯ ವಾಡಿಕೆ. ಮಂಜುವಿನ ಹೆಂಡತಿ ಕಾವ್ಯ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ದಿನವಿಡೀ ಫೋನಿನಲ್ಲಿ ಹೆಸರು ಹುಡುಕುತ್ತಿದ್ದಳು. ಈಗ ಹೆಸರಿಗೂ ಒಂದು ಜಾತಕ ಬಂದಿದೆ. ಎಲ್ಲಿಂದ ಬಂತು, ಅರ್ಥವೇನು, ಎಷ್ಟು ಜನ ಇಟ್ಟುಕೊಂಡಿದ್ದಾರೆ, ಎಲ್ಲವನ್ನೂ ಫೋನೇ ಹೇಳುತ್ತದಂತೆ. ನಾನು ಬಾಣಂತಿಗೆ ಮೆಂತ್ಯದ ಗಂಜಿ ತೆಗೆದುಕೊಂಡು ಹೋದಾಗ ಅವಳು, "ಅತ್ತೀ, ಮಾವಾರ ಹೆಸರು ಹಾಕಿ ನೋಡ್ದೆರಿ. ಮೂಲ ಗೊತ್ತಿಲ್ಲ, ಅರ್ಥ ಗೊತ್ತಿಲ್ಲ, ಭಾಳ ಅಪರೂಪದ ಹೆಸರು ಅಂತ ಬರ್ತೈತಿ. ಅಪರೂಪದ್ದು ಅಂದ್ರ ಚೊಲೊ ಅಲ್ಲೇನ್ರಿ? ಏನ್ರಿ ಅದರ ಅರ್ಥ?" ಎಂದಳು. ಅಣ್ಣನ ಹೆಸರು ತೌಡಪ್ಪ. "ತೌಡು ಅಂದ್ರ ತೌಡವ್ವಾ. ಎಮ್ಮಿ ತಿಂತದಲ್ಲ, ಅದ," ಎಂದೆ. ಅವಳಿಗೆ ನಗು ಬಂತು. ಸತ್ತ ಮಾವನ ಹೆಸರಿಗೆ ನಕ್ಕೆನಲ್ಲ ಎಂದು ಕೂಡಲೇ ನಾಲಿಗೆಯನ್ನೂ ಕಚ್ಚಿಕೊಂಡಳು. ಮಿಕ್ಕದ್ದನ್ನು ಹೇಳೋಣವೆಂದು ಬಾಯಿ ತೆರೆದೆ. ಮಗ್ಗುಲಲ್ಲಿ ಮಲಗಿದ್ದ ಕೂಸನ್ನು ನೋಡಿ, ಬಟ್ಟಲು ತೊಳೆಯುವ ನೆಪ ಮಾಡಿ ಎದ್ದುಬಿಟ್ಟೆ.

ನಾವು ಹುಟ್ಟಿದ್ದು ಬೆಳುಗುಪ್ಪದ ಹತ್ತಿರದ ಹಳ್ಳಿಯಲ್ಲಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯಲ್ಲಿ ಒಂದು ಕಡೆ ಶೇಂಗಾ ರಾಶಿ, ಇನ್ನೊಂದು ಕಡೆ ನಾವು. ಸುಗ್ಗಿ ಮುಗಿದ ಮೇಲೂ ಎಷ್ಟೋ ದಿನ ಕಾಲಿಗೆ ಶೇಂಗಾ ಸಿಪ್ಪೆ ಚುಚ್ಚುತ್ತಿತ್ತು, ಹಾಸಿಗೆಯಲ್ಲೂ ಮಣ್ಣಿನ ಘಮ. ನಮ್ಮ ಬಾಗಿಲಿಗೆ ಎದುರಾಗಿ ಓಬಳಮ್ಮನ ಬಾಗಿಲು. ಆಕೆ ತೆಲುಗು ಮಾತಿನವಳು. ಎತ್ತರದ ಆಳು, ದೊಡ್ಡ ಗಂಟಲು, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಳೆಂದರೆ ಓಣಿಯ ನಾಯಿಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಆಕೆ ಹೆತ್ತ ಮಕ್ಕಳೆಲ್ಲ ಉಳಿದಿದ್ದರು, ಒಂದೂ ಹೋಗಿರಲಿಲ್ಲ. ನನ್ನ ಅವ್ವನ ಕಥೆ ಬೇರೆ. ಅಣ್ಣನಿಗಿಂತ ಮೊದಲು ಹುಟ್ಟಿದ ಮೂರು ಗಂಡುಕೂಸುಗಳೂ ತೊಟ್ಟಿಲು ಬಿಟ್ಟು ಇಳಿಯುವ ಮೊದಲೇ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಅವ್ವ ಅದರ ಮುಖ ನೋಡಲೂ ಒಲ್ಲೆನೆಂದಳಂತೆ. ಆಗ ನಮ್ಮ ಅಜ್ಜಿ ಕೂಸನ್ನು ಹಳೆಯ ಮೊರದಲ್ಲಿಟ್ಟು ಹೊರಗೆ ತಂದು ತಿಪ್ಪೆಯ ಅಂಚಿನಲ್ಲಿ ಇಳಿಸಿದಳು. ಓಬಳಮ್ಮ ಉಡಿಯಲ್ಲಿ ಒಂದು ಸೇರು ತೌಡು ತಂದು ಅವ್ವನ ಮಡಿಲಿಗೆ ಸುರಿದು, ಮೊರವನ್ನು ಎತ್ತಿಕೊಂಡು ತನ್ನ ಮನೆ ಹೊಕ್ಕಳು. ಕೊಟ್ಟವಳಿಗೆ ತೌಡು, ಕೊಂಡವಳಿಗೆ ಕೂಸು. ಜವರಾಯ ಮತ್ತೆ ಆ ಮನೆಗೆ ಬಂದರೆ ಅಲ್ಲಿ ಒಯ್ಯುವುದಕ್ಕೆ ಮಗುವೇ ಇರಬಾರದು. ಇದ್ದದ್ದು ಮಾರಿಹೋಗಿದೆ, ಅದೂ ಎಮ್ಮೆಯ ಮೇವಿಗೆ. ಅಂಥ ಅಗ್ಗದ ಮಾಲಿನ ಮೇಲೆ ಯಾರು ಕಣ್ಣು ಹಾಕುತ್ತಾರೆ? ಮರುದಿನ ಓಬಳಮ್ಮ ಕೂಸನ್ನು ವಾಪಸು ತಂದು, ಓಣಿಗೆಲ್ಲ ಕೇಳುವಂತೆ, "ವೀಡು ನಾ ಕೊಡುಕು, ಇವ ನನ್ನ ಮಗ. ನನ್ನ ಮಗನಿಗೆ ನೀನು ಹಾಲು ಕುಡಿಸಿ ಸಾಕು, ಕೂಲಿ ಕೊಡ್ತೀನಿ," ಎಂದು ಅವ್ವನ ಕೈಗೆ ಕೊಟ್ಟಳಂತೆ. ಅಣ್ಣನ ಹೆಸರು ಹುಟ್ಟಿದ್ದು ಹೀಗೆ.

ಆ ಕೂಲಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪ್ರತಿ ಯುಗಾದಿಗೆ ಓಬಳಮ್ಮ ರವಿಕೆಗಾಗುವಷ್ಟು ಒಂದು ಕುಬಸದ ಕಣ ತಂದು ಅವ್ವನ ಮುಂದೆ ಹಾಕುವಳು. ಅವ್ವ ಅದನ್ನು ಬೆಳಕಿಗೆ ಹಿಡಿದು, "ಇಷ್ಟ ಏನವ್ವಾ? ವರ್ಷಾನಗಟ್ಲೆ ನಿನ್ನ ಮಗನ್ನ ಸಾಕಿದ್ದಕ್ಕ ಇದೊಂದು ಚಿಂದಿ?" ಎಂದು ಜಗಳ ತೆಗೆಯುವಳು. "ನನ್ನ ಮಗನ್ನ ಒಣಗಿಸಿ ಕಡ್ಡಿ ಮಾಡೀಯ, ಅದಕ್ಕ ಇದೇ ಹೆಚ್ಚು!" ಎಂದು ಆಕೆ ಕೂಗುವಳು. ಇಬ್ಬರೂ ತಮಗೆ ತಿಳಿದಷ್ಟು ಬೈಗುಳ ಮುಗಿಸಿ, ಒಳಗೆ ಹೋಗಿ ಹೋಳಿಗೆ ತಿನ್ನುತ್ತಿದ್ದರು. ನಮಗೆ ಅದೊಂದು ಆಟ. ಆದರೆ ಅವ್ವನಿಗೆ ಅದು ಆಟವಾಗಿರಲಿಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಅಣ್ಣ ಓಬಳಮ್ಮನನ್ನು ಅಮ್ಮ ಎನ್ನಬೇಕು, ಹೆತ್ತವಳನ್ನು ಅಕ್ಕ ಎನ್ನಬೇಕು. ಅವನು ಅವ್ವ ಎಂದು ಕರೆಯುವಂತಿಲ್ಲ, ಆಕೆ ಮಗನೇ ಎನ್ನುವಂತಿಲ್ಲ. ನಾನು ಹೆಣ್ಣು, ನನ್ನ ಮೇಲೆ ಯಾವ ಕಟ್ಟೂ ಇರಲಿಲ್ಲ, ಮನೆ ಹಾರಿಹೋಗುವಂತೆ ಅವ್ವಾ ಅವ್ವಾ ಎಂದು ಅರಚುತ್ತಿದ್ದೆ. ಹಸಿವಾದರೆ ಅಣ್ಣ ನನ್ನ ಭುಜ ತಿವಿದು, "ನೀ ಕರಿ, ನೀ ಕರಿ," ಎನ್ನುತ್ತಿದ್ದ. ಅವನು ಅಕ್ಕಾ ಎಂದು ಕೂಗಿದ್ದರೂ ಆಕೆ ಅಷ್ಟೇ ಬೇಗ ಬರುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಅವನಿಗೆ ಆ ಶಬ್ದ ಕೇಳಬೇಕಿತ್ತು, ಅಷ್ಟೇ.

ಒಂದು ಸಲ ಮಾತ್ರ ಅವ್ವನ ನಾಲಿಗೆ ಜಾರಿತು. ಶಾಲೆಯ ಓಟದಲ್ಲಿ ಗೆದ್ದು ಅಣ್ಣ ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಬಂದ. ಅಂಗಳ ಸಾರಿಸುತ್ತಿದ್ದ ಅವ್ವ ಸಗಣಿಯ ಕೈಯಲ್ಲೇ ಅವನನ್ನು ಎಳೆದುಕೊಂಡು, "ನನ್ನ ಮಗನ, ನನ್ನ ಬಂಗಾರ," ಎಂದುಬಿಟ್ಟಳು. ಅದೇ ವಾರ ಅವನಿಗೆ ಜ್ವರ ಏರಿತು. ಆ ವರ್ಷ ಓಣಿಯಲ್ಲಿ ಅರ್ಧ ಮಕ್ಕಳಿಗೆ ಆ ಜ್ವರ ಬಂದಿತ್ತು, ಎಲ್ಲರೂ ಕುಡಿಯುತ್ತಿದ್ದದ್ದು ಒಂದೇ ಬಾವಿಯ ನೀರು. ಅದನ್ನು ಅವ್ವನಿಗೆ ಹೇಳುವವರಾರು? ಹೇಳಿದ್ದರೂ ಆಕೆ ಕೇಳುತ್ತಿದ್ದಳೇ? ಅವನು ಏಳುವವರೆಗೆ ಆಕೆ ಒಳಕ್ಕೂ ಹೊರಕ್ಕೂ ತಿರುಗಾಡಿದಳೇ ಹೊರತು ಅವನ ಹಾಸಿಗೆಯ ಬಳಿ ಕೂರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಗಂಜಿ ಕುಡಿಸಿದ್ದು ಓಬಳಮ್ಮ. ಅವ್ವ ಹೊಸ್ತಿಲಲ್ಲಿ ನಿಂತು, "ಓಬಳಮ್ಮಾ, ನಿನ್ನ ಮಗ ಹ್ಯಾಂಗದಾನ?" ಎಂದು ಕೇಳುವಳು. ಜ್ವರ ಇಳಿಯಿತು. ಆ ತಪ್ಪು ಲೆಕ್ಕ ಮಾತ್ರ ಆಕೆಯ ತಲೆಯಿಂದ ಇಳಿಯಲಿಲ್ಲ. ಈಗ ಇಲ್ಲದ ನೆಪ ತೆಗೆದು ನಾನು ಮನೆಯೊಳಗೆ ಸುತ್ತುವಾಗ ಆ ನಡಿಗೆ ಆಕೆಯದೇ ಎನ್ನಿಸಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಕಟ್ಟಿಗೆ ಒಂದು ಬಿಡುಗಡೆ ಇತ್ತು. ಮದುವೆಯ ಹಿಂದಿನ ದಿನ, ಅರಿಶಿಣ ಹಚ್ಚುವ ಮೊದಲು, ಹೆತ್ತವಳು ಅಷ್ಟೇ ತೌಡನ್ನು ಕೊಂಡವಳ ಮಡಿಲಿಗೆ ವಾಪಸು ಸುರಿದರೆ ಮಗ ಮತ್ತೆ ಅವಳವನಾಗುತ್ತಾನೆ. ಅಣ್ಣ ಆ ದಿನಕ್ಕಾಗಿ ಎಷ್ಟು ಕಾದಿದ್ದನೆಂದರೆ, ಹೆಣ್ಣಿನ ವಿಷಯಕ್ಕಿಂತ ತೌಡಿನ ವಿಷಯವನ್ನೇ ನನ್ನ ಹತ್ತಿರ ಹೆಚ್ಚು ಮಾತಾಡಿದ್ದ. ಭೈರವಾನಿತಿಪ್ಪದ ಕಾಲುವೆ ಕೆಳಗಿನ ಭತ್ತದ ತೌಡು ಬಹಳ ನುಣುಪು ಎಂದು ಅಲ್ಲಿಂದಲೇ ತರಿಸಿದ. ಅವ್ವ ಮೊರದಲ್ಲಿ ತೌಡು ತುಂಬಿಕೊಂಡು ಕೂತಳು. ಎದುರಿಗೆ ಓಬಳಮ್ಮ ಉಡಿ ಒಡ್ಡಿ ಕೂತಳು. ಅವ್ವ ಮೊರ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಮೊರದ ಅಂಚಿನಿಂದ ತೌಡು ನೆಲಕ್ಕೆ ಉದುರುತ್ತಿತ್ತು. "ಹಾಕವ್ವಾ, ಹಾಕು, ನನ್ನ ಕಾಲು ಜೋಮು ಹಿಡಿದ್ವು," ಎಂದು ಓಬಳಮ್ಮ ನಗಿಸಲು ನೋಡಿದಳು. ಅವ್ವ ನಗಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ, "ಬ್ಯಾಡ. ನಿನ್ನ ಹತ್ರಾನ ಇರ್ಲಿ. ಅಲ್ಲೇ ಬದುಕ್ಯಾನ, ಅಲ್ಲೇ ಇರ್ಲಿ," ಎಂದು ಎದ್ದುಹೋದಳು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಮರುದಿನ ಮದುಮಕ್ಕಳು ಕಾಲಿಗೆರಗುವಾಗ ಅವ್ವ ಓಬಳಮ್ಮನನ್ನು ಮುಂದೆ ತಳ್ಳಿ ತಾನು ಆಕೆಯ ಬೆನ್ನ ಹಿಂದೆ ನಿಂತಳು. ನನಗೆ ಆಗ ಅವ್ವನ ಮೇಲೆ ಕೆಟ್ಟ ಕೋಪ ಬಂದಿತ್ತು. ಈಗಲೂ ಒಂದೊಂದು ದಿನ ಬರುತ್ತದೆ.

ವರ್ಷಗಳ ಮೇಲೆ ಓಬಳಮ್ಮ ಹೋದಳು. ಅವಳ ಮಕ್ಕಳ ಜೊತೆ ಅಣ್ಣನೂ ತಲೆ ಬೋಳಿಸಿಕೊಂಡ. ಕಾರ್ಯ ಮುಗಿಸಿ ಬಂದು ತಟ್ಟೆಯ ಮುಂದೆ ಕೂತವನು ಅವ್ವನನ್ನು ಒಂದೇ ಮಾತು ಕೇಳಿದ, "ಅಕ್ಕಾ, ಕೊಂಡಾಕಿ ಹೋದ್ಲು. ಈಗ ನಾ ಯಾರ ಮಗ?" ಅವ್ವ ಮುದ್ದೆ ಬಡಿಸಿ, ಸಾರು ಬಡಿಸಿ, ಇನ್ನೂ ಬೇಕಾ ಎಂದು ಕೇಳಿದಳು. ತೌಡನ್ನು ಮರಳಿ ಸುರಿಯಲು ಮಡಿಲೇ ಇಲ್ಲವಾಗಿತ್ತು. ಆಮೇಲೆ ಅಣ್ಣ ಅವ್ವನನ್ನು ರಾಯದುರ್ಗಕ್ಕೆ, ತನ್ನ ಮನೆಗೆ ಕರೆತಂದ. ಊರಿನ ಆ ಎರಡು ಬಾಗಿಲುಗಳೂ ಈಗಿಲ್ಲ. ರಸ್ತೆ ಅಗಲವಾಯಿತು, ಮಾಳಿಗೆ ಉರುಳಿತು, ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಆಟೋಗಳು ನಿಲ್ಲುತ್ತವೆ.

ಒಂದು ಕಾಲಕ್ಕೆ ಈ ಹೆಸರು ಅಪರೂಪದ್ದಾಗಿರಲಿಲ್ಲ ಎಂದು ಕಾವ್ಯಳ ಫೋನಿಗೆ ಯಾರು ಹೇಳಬೇಕು? ನನ್ನ ಬಾಲ್ಯದಲ್ಲಿ ಓಣಿಗೊಬ್ಬ ತೌಡಪ್ಪ, ತಿಪ್ಪಣ್ಣ, ತಿರುಕಪ್ಪ ಇದ್ದರು. ಒಬ್ಬೊಬ್ಬರ ಹಿಂದೆಯೂ ಹೆಸರಿಡುವ ಮೊದಲೇ ಹೋದ ಕೂಸುಗಳ ಸಾಲು. ಊರಲ್ಲಿ ಈ ಹೆಸರು ಹೆಚ್ಚಿತೆಂದರೆ ತೊಟ್ಟಿಲುಗಳು ಬರಿದಾಗಿದ್ದವೆಂದು ಅರ್ಥ. ಸೂಜಿಮದ್ದು ಬಂತು, ಆಸ್ಪತ್ರೆ ಬಂತು, ಹೆಸರು ತಾನಾಗಿ ಹೋಯಿತು. ಹೋದದ್ದೇ ಒಳ್ಳೆಯದು. ಮಂಜು ಅಪ್ಪನ ಹೆಸರೇ ಇರಲಿ ಎಂದು ಹಟ ಮಾಡಿದ. ನಾನೇ ಅಡ್ಡ ಬಂದು, "ಆ ಹೆಸರಿನ ಕೆಲಸ ಮುಗದೈತೋ, ಬ್ಯಾರೆ ಇಡ್ರಿ," ಎಂದೆ. ಬೆಳಕು ಎನ್ನುವ ಅರ್ಥದ್ದೇನೋ ಒಂದು ಇಟ್ಟರು. ನಾನು ಹೇಳಿದ್ದು ಸರಿಯೆಂದು ನನಗೆ ಗೊತ್ತು. ಆದರೂ ಅಂದಿನಿಂದ ನನ್ನ ಜೀವಕ್ಕೆ ಸಮಾಧಾನವಿಲ್ಲ. ಅಣ್ಣನನ್ನು ಇನ್ನೊಮ್ಮೆ ಹೊರಗಿಟ್ಟ ಹಾಗಾಯಿತಲ್ಲ ಎಂದು ಒಳಗೆ ಕುಟುಕುತ್ತದೆ.

ಮಂಜುವಿಗೂ ಕಾವ್ಯಳಿಗೂ ಹೇಳದೆ ಉಳಿಸಿಕೊಂಡದ್ದು ಅವ್ವನ ಕೊನೆಯ ದಿನಗಳ ಮಾತು. ಆಕೆಗೆ ಮರೆವು ಹತ್ತಿತ್ತು. ಮೊದಲು ಒಲೆ ಮರೆತಳು, ಆಮೇಲೆ ಊರು ಮರೆತಳು. ಒಂದು ಮಧ್ಯಾಹ್ನ ನಾನು ಹೋದಾಗ ಅಣ್ಣ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿ ಮೊಸರನ್ನ ತುತ್ತು ಮಾಡಿ ಉಣ್ಣಿಸುತ್ತಿದ್ದ. ಅವನ ತಲೆಯೂ ಆಗ ಬೆಳ್ಳಗಾಗಿತ್ತು. ಅವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿ, "ನೀ ಎದುರು ಮನಿ ಓಬಳಮ್ಮನ ಮಗ ಅಲ್ಲೇನೋ?" ಎಂದಳು. ಜವರಾಯನಿಗಾಗಿ ಕಟ್ಟಿದ ಸುಳ್ಳು ಆಕೆಯೊಳಗೆ ನಿಜವಾಗಿ ನಿಂತಿತ್ತು. ಅಣ್ಣ ಆಕೆಯ ತುಟಿಗೆ ಅಂಟಿದ್ದ ಅಗುಳು ಒರೆಸಿ, "ಹೌದಕ್ಕ, ಓಬಳಮ್ಮನ ಮಗ," ಎಂದ.

"ನನಗೂ ಒಬ್ಬ ಮಗ ಇದ್ದ," ಎಂದಳು ಅವ್ವ. "ಬದುಕ್ಯಾನೇನು ಅವ?"

"ಬದುಕ್ಯಾನಕ್ಕ. ಚೊಲೊ ಅದಾನ. ಮದುವ್ಯಾಗೈತಿ, ಮಕ್ಕಳದಾವು."

ಅವ್ವ ಬಾಗಿಲ ಕಡೆ ಒಮ್ಮೆ ನೋಡಿ, ಅವನನ್ನು ಹತ್ತಿರಕ್ಕೆ ಎಳೆದು, ಯಾರಿಗೂ ಕೇಳಿಸದ ದನಿಯಲ್ಲಿ, "ಅವನ್ನ ಇಲ್ಲಿಗೆ ಮಾತ್ರ ಕರಕೊಂಡು ಬರಬ್ಯಾಡಪ್ಪಾ. ನಾ ನೋಡಿದ್ರ ಉಳಿಯಾಂಗಿಲ್ಲ," ಎಂದಳು.

"ಆಯ್ತಕ್ಕ," ಎಂದು ಅಣ್ಣ ಇನ್ನೊಂದು ತುತ್ತು ಕಲೆಸಿದ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಬಂದಿದ್ದೇನೆಂದು ಹೇಳಬೇಕಿತ್ತು, ಕರೆಯಬೇಕಿತ್ತು. ಅವನ ಎದುರಿಗೆ ಆಕೆಯನ್ನು ಅವ್ವ ಎಂದು ಕರೆಯಲು ಆ ದಿನ ನನಗೆ ಬಾಯಿ ಬರಲಿಲ್ಲ.