ಏನೂ ಓದಿಲ್ಲ ಕಣೇ

ನಮ್ಮ ಹೈಸ್ಕೂಲಿನ ಹೆಡ್‌ಮೇಡಂ ಫೋನ್ ಮಾಡಿದಾಗ ನಾನು ದಾವಣಗೆರೆಯಿಂದ ಹರಿಹರಕ್ಕೆ ಬರುವ ಸಂಜೆಯ ರೈಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದೆ.

‘ಶನಿವಾರ ಬರ್ಬೇಕವ್ವ ನೀನು. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾಕು ಮಾತು ಹೇಳು. ನಾವು ಹೇಳಿದ್ರೆ ಕಿವಿಗೇ ಹಾಕ್ಕಳಲ್ಲ. ಮೊನ್ನೆ ಮೊನ್ನೆ ಅದೇ ಬೆಂಚಿನ ಮ್ಯಾಲೆ ಕುಂತಿದ್ದೋರು ಹೇಳಿದ್ರೆ ಕೇಳ್ತಾವೆ. ವಾಪಸ್ ಹತ್ತನೇ ಕ್ಲಾಸಿಗೆ ಹೋಗಂಗಿದ್ರೆ ನಿನಗೆ ನೀನು ಏನು ಹೇಳ್ಕೊಂತಿದ್ದೆ? ಅಷ್ಟು ಹೇಳು ಸಾಕು.’

‘ಆಯ್ತು ಮೇಡಂ’ ಅಂದೆ. ದೊಡ್ಡವಳಾದೆ ಅನ್ನಿಸಿ ಒಳಗೊಳಗೇ ಖುಷಿಯೂ ಆಯಿತು. ಬಿ.ಕಾಂ. ಎರಡನೇ ವರ್ಷಕ್ಕೇ ಉಪದೇಶ ಮಾಡುವ ಭಾಗ್ಯ!

‘ಅಂದಹಾಗೆ, ನಿನ್ನ ಗೆಳತಿ ತಂಗಿನೂ ಇದೇ ಬ್ಯಾಚಿನಾಗೆ ಅದಾಳೆ. ಅಕ್ಕ ಹೋದಂಗೆ ಇವಳೂ ಗಣಿತದಾಗೆ ಹೋಗಬಾರದು ನೋಡು. ಸ್ವಲ್ಪ ಒತ್ತಿ ಹೇಳು.’

ರೈಲಿನ ಸದ್ದಿಗೆ ಏನೂ ಕೇಳಿಸುತ್ತಿಲ್ಲ ಅಂತ ಸುಳ್ಳು ಹೇಳಿ ಫೋನ್ ಇಟ್ಟೆ. ಸುಳ್ಳು ಹೇಳುವುದರಲ್ಲಿ ನನ್ನ ನಾಲಿಗೆ ಮೊದಲಿನಿಂದಲೂ ಚುರುಕು.

ಆ ಗೆಳತಿಯ ವಿಷಯ ಹೇಳಬೇಕು. ಹರಿಹರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವಳ ಮನೆ. ಅವಳಪ್ಪನದು ಕಿರಾಣಿ ಅಂಗಡಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾದ ಮುಂದೆ ಕೂತಿರುತ್ತಿದ್ದರು. ನಮ್ಮಪ್ಪ ತಗಡಿನ ಟ್ರಂಕ್ ಮಾಡುವವರು. ನಮ್ಮ ಮನೆ ಮುಂದಿನ ಚಪ್ಪರದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಿಗೆ ಬಡಿಯುತ್ತಿತ್ತು. ಐದನೇ ಕ್ಲಾಸಿನಿಂದ ಹತ್ತರವರೆಗೆ ನಾವಿಬ್ಬರೂ ಒಂದೇ ಬೆಂಚು. ರಂಜಾನಿಗೆ ಅವಳು ನಮ್ಮಲ್ಲಿ ಸುರಕುಂಬಾ ಪಾಯಸ ಕುಡಿಯುತ್ತಿದ್ದಳು, ಸಂಕ್ರಾಂತಿಗೆ ನಾನು ಅವರ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣಗಾಯಿ ತಿನ್ನುತ್ತಿದ್ದೆ.

ಎರಡೂ ಮನೆಗಳಲ್ಲಿ ದೇವರು ಬೇರೆ, ಭಯ ಮಾತ್ರ ಒಂದೇ. ಕಣ್ಣು ಬೀಳುವ ಭಯ. ಪರೀಕ್ಷೆ ಬಂತೆಂದರೆ ನಮ್ಮ ಅಮ್ಮಿ ಶುರು ಮಾಡುತ್ತಿದ್ದಳು: ‘ಕಿತ್ತಾ ಪಢೀ ಕಿಸ್ಕೂ ಬೀ ನಕ್ಕೋ ಬೋಲ್.’ ಎಷ್ಟು ಓದಿದ್ದೀಯ ಅಂತ ಯಾರಿಗೂ ಹೇಳಬೇಡ, ನಜರ್ ತಾಗುತ್ತದೆ ಅಂತ. ಅತ್ತ ಅವಳ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದಳು: ‘ಓದಿದ್ದು ಊರಿಗೆ ಸಾರಬ್ಯಾಡ, ದೃಷ್ಟಿ ಆಗ್ತೈತೆ.’ ಹಾಗಾಗಿ ಕ್ಲಾಸಿನಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ: ಏನೂ ಓದಿಲ್ಲ ಕಣೇ. ಇಡೀ ಪುಸ್ತಕ ಕಂಠಪಾಠ ಮಾಡಿದವಳೂ ಏನೂ ಓದಿಲ್ಲ, ಪುಸ್ತಕ ಮುಟ್ಟದವಳೂ ಏನೂ ಓದಿಲ್ಲ. ಯಾರದು ನಿಜ, ಯಾರದು ಸುಳ್ಳು ಅಂತ ಆ ದೇವರೇ ಹೇಳಬೇಕಿತ್ತು.

ನಾನಂತೂ ಪಕ್ಕಾ ಕಳ್ಳಿ. ಅಪ್ಪನ ಸುತ್ತಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಕೂತು ಜೋರಾಗಿ ಓದುತ್ತಿದ್ದೆ. ಅಕ್ಕಪಕ್ಕದವರಿಗೆ ಡಬಡಬ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಸುತ್ತಿಗೆ ನಿಂತರೆ ನಾನೂ ಬಾಯಿ ಮುಚ್ಚುತ್ತಿದ್ದೆ.

ಗಣಿತದ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಓಡಿಬಂದಳು. ಮುಖ ಬಿಳುಚಿಕೊಂಡಿತ್ತು. ಅವಳಿಗೆ ಗಣಿತ ಅಂದರೆ ಜ್ವರ.

‘ಲೇ, ಎಲ್ಲಾ ಮುಗಿಯಂಗಿಲ್ಲ ಕಣೇ. ಪ್ರಮೇಯ ಬಾಯಿಪಾಠ ಮಾಡ್ಲಾ, ಲೆಕ್ಕ ಮಾಡ್ಲಾ? ಎರಡ್ರಾಗೆ ಒಂದೇ ಆಗೋದು. ನೀ ಏನ್ ಓದ್ದಿ, ಹೇಳು.’

ಅವಳು ಬರುವ ಸಪ್ಪಳ ಕೇಳಿದ ಕೂಡಲೇ ಪ್ರಮೇಯದ ನೋಟ್‌ಬುಕ್ಕನ್ನು ಹಾಸಿಗೆ ಕೆಳಗೆ ತಳ್ಳಿ ಅದರ ಮೇಲೇ ಕೂತಿದ್ದೆ. ಅಷ್ಟೂ ಪ್ರಮೇಯ ನನಗೆ ಬಾಯಿಗೆ ಬರುತ್ತಿತ್ತು.

‘ಏನೂ ಓದಿಲ್ಲ ಕಣೇ’ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಈ ಕಥೆ ಇರುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಗಟ್ಟಿಯಾಗಲಿ ಅಂತ ಇನ್ನೊಂದು ಮೊಳೆ ಹೊಡೆದೆ: ‘ಪ್ರಮೇಯ ನಾನು ಮುಟ್ಟೇ ಇಲ್ಲ. ಹೋದ ಸಲ ಬಂದೈತಲ್ಲ, ಈ ಸಲ ಬರಲ್ಲ ಬಿಡು. ಲೆಕ್ಕ ಮಾಡು ನೀನು.’

‘ಹೌದಾ? ನೀನೇ ಬಿಟ್ಟೀ ಅಂದ್ಮ್ಯಾಲೆ ಮುಗೀತು’ ಅಂತ ಅವಳ ಮುಖ ಅರಳಿತು. ಅರ್ಧ ಭಾರ ಇಳಿದವಳಂತೆ ಹೋದಳು.

ನಜರ್‌ಗೆ ಹೆದರಿ ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ಕನ್ನಡದಲ್ಲಿ ಅವಳು ಮುಂದೆ, ಭಾಷಣದಲ್ಲಿ ಅವಳು ಮುಂದೆ, ಮೇಡಂಗಳಿಗೆಲ್ಲ ಅವಳೆಂದರೆ ಪ್ರಾಣ. ಗಣಿತವೊಂದೇ ನನ್ನದು. ಅದನ್ನೂ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮರುದಿನ ಪ್ರಶ್ನೆಪತ್ರಿಕೆ ಕೈಗೆ ಬಂತು. ಕೊನೆಯ ಪುಟದಲ್ಲಿ ಪ್ರಮೇಯ ಕೂತಿತ್ತು, ನಾಲ್ಕು ಅಂಕಕ್ಕೆ. ಅವಳು ನನಗಿಂತ ಎರಡು ಬೆಂಚು ಮುಂದೆ, ಪಕ್ಕದ ಸಾಲಿನಲ್ಲಿದ್ದಳು. ನಾನು ಸ್ಕೇಲ್ ಇಟ್ಟು ತ್ರಿಭುಜದ ಮೂರನೇ ಗೆರೆ ಎಳೆಯುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ತಲೆಯೆತ್ತಿದೆ. ಅವಳು ತಿರುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ, ಬರೀ ನೋಟ. ಕೊಠಡಿಯ ಸರ್ ‘ಏಯ್, ಮುಂದೆ ನೋಡು’ ಅಂತ ಗದರಿದರು. ಅವಳು ಮುಂದೆ ತಿರುಗಿದಳು. ನಾನು ಪ್ರಮೇಯ ಪೂರ್ತಿ ಬರೆದೆ. ಒಂದು ಅಕ್ಷರ ಬಿಡಲಿಲ್ಲ.

ಫಲಿತಾಂಶ ಬಂತು. ಅವಳು ಗಣಿತದಲ್ಲಿ ಹೋದಳು. ಮೂರು ಅಂಕಕ್ಕೆ.

ಸಪ್ಲಿಮೆಂಟರಿ ಕಟ್ಟಲು ಅವಳಪ್ಪ ಬಿಡಲಿಲ್ಲ. ‘ಮತ್ತೆ ಹೋದ್ರೆ ಬೀದಿಯಾಗೆ ಮುಖ ತೋರಿಸೋದು ಹೆಂಗೆ? ಸಾಕು ಓದಿದ್ದು’ ಅಂದರಂತೆ. ಅವಳನ್ನು ಹೊಲಿಗೆ ಕಲಿಯಲು ಹಾಕಿದರು. ಈಗ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಲೇಡೀಸ್ ಟೇಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ದಿನಾ ಹರಿಹರದಿಂದ ಬಸ್ಸಿಗೆ ಹೋಗುತ್ತಾಳೆ. ಅವಳು ಬಸ್ಸಿಗೆ ಹೋಗುತ್ತಾಳೆ ಅಂತಲೇ ನಾನು ರೈಲಿಗೆ ಹೋಗುತ್ತೇನೆ. ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಅದರ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎದುರಿಗೆ ಸಿಕ್ಕರೆ ‘ಆರಾಮಾ?’ ‘ಆರಾಮು.’ ಅಷ್ಟೇ.

ಹೀಗಿರುವಾಗ ಆ ಶಾಲೆಯಲ್ಲಿ, ಅವಳ ತಂಗಿಯ ಮುಂದೆ ನಿಂತು ನಾನು ಹೇಳುವುದೇನು? ನಿಜ ಹೇಳುವುದೋ, ನುಂಗಿಕೊಳ್ಳುವುದೋ? ಎರಡು ದಿನ ಅನ್ನ ಸೇರಲಿಲ್ಲ. ಕಡೆಗೆ ಒಂದು ಹಾಳೆಯಲ್ಲಿ ಬುದ್ಧಿಮಾತುಗಳನ್ನು ನೀಟಾಗಿ ಬರೆದುಕೊಂಡೆ. ಮೊಬೈಲ್ ದೂರ ಇಡಿ, ಬೆಳಿಗ್ಗೆ ಬೇಗ ಏಳಿ, ಗುರುಗಳ ಮಾತು ಕೇಳಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗೆ.

ಶನಿವಾರ ನನಗಿಂತ ಮೊದಲು ಒಬ್ಬ ಎಂಜಿನಿಯರಿಂಗ್ ಹುಡುಗ ಮಾತಾಡಿದ. ಟೈಂಟೇಬಲ್ ಹಾಕಿಕೊಳ್ಳಿ, ಗುರಿ ಇಟ್ಟುಕೊಳ್ಳಿ ಅಂತ ಇಪ್ಪತ್ತು ನಿಮಿಷ ಕೊರೆದ. ಮಕ್ಕಳು ಆಕಳಿಸಿದರು. ನಾನು ಕೋಣೆಯ ತುಂಬ ಕಣ್ಣಾಡಿಸಿದೆ. ಎರಡನೇ ಬೆಂಚಿನಲ್ಲಿ ಅವಳ ತಂಗಿ. ಅದೇ ಮೂಗು, ಅದೇ ಬಿಗಿ ಜಡೆ. ನನ್ನನ್ನೇ ನೋಡುತ್ತಿದ್ದಳು. ಆ ನೋಟವೂ ಅದೇ.

ನನ್ನ ಸರದಿ ಬಂತು. ಹಾಳೆ ಬಿಚ್ಚಿದೆ. ಮೊಬೈಲ್ ಅನ್ನುವಷ್ಟರಲ್ಲೇ ಕಣ್ಣು ಮತ್ತೆ ಎರಡನೇ ಬೆಂಚಿಗೆ ಹೋಯಿತು. ಏನು ಮಾಡಬೇಕೋ ತಿಳಿಯದೆ, ಸುಮ್ಮನೆ ಹೊತ್ತು ಕಳೆಯಲು ಕೇಳಿದೆ: ‘ಸೋಮವಾರ ಗಣಿತದ ಪ್ರಿಪರೇಟರಿ ಅಲ್ವಾ? ಎಷ್ಟು ಜನ ಓದೀರಿ?’

‘ಏನೂ ಓದಿಲ್ಲ ಅಕ್ಕಾ!’ ಇಡೀ ಕ್ಲಾಸು ಒಟ್ಟಿಗೆ ಕೂಗಿ ನಕ್ಕಿತು. ಅವಳ ತಂಗಿಯೂ ನಕ್ಕಳು.

ನನಗೆ ಎಲ್ಲಿಂದ ಸಿಟ್ಟು ಬಂತೋ. ‘ಸುಳ್ಳು ಹೇಳಬ್ಯಾಡ್ರಿ!’ ಅಂತ ಮೇಜು ಗುದ್ದಿದೆ. ಹೆಡ್‌ಮೇಡಂ ಬೆಚ್ಚಿಬಿದ್ದರು. ಹಾಳೆ ಮಡಚಿ ಕಿಸೆಗೆ ಹಾಕಿಕೊಂಡೆ. ಆಮೇಲೆ ಎಲ್ಲ ಹೇಳಿದೆ. ಹಾಸಿಗೆ ಕೆಳಗಿನ ನೋಟ್‌ಬುಕ್ಕು, ಸುತ್ತಿಗೆ ಸದ್ದು, ನಜರ್, ಹೊಟ್ಟೆಕಿಚ್ಚು, ಸ್ಕೇಲು, ಮೂರು ಅಂಕ. ‘ಒಬ್ಬಳು ಗೆಳತಿ’ ಅಂದೆನೇ ಹೊರತು ಯಾರೆಂದು ಹೇಳಲಿಲ್ಲ. ‘ಹತ್ತನೇ ಕ್ಲಾಸಿನ ನನಗೆ ಒಂದೇ ಮಾತು ಹೇಳ್ತಿದ್ದೆ. ಹಾಸಿಗೆ ಕೆಳಗಿರೋ ನೋಟ್‌ಬುಕ್ ತೆಗೆದು ಅವಳ ಕೈಗೆ ಕೊಡು ಅಂತ. ನಜರ್ ತಾಗಿದ್ರೆ ತಾಗಲಿ’ ಅಂದೆ. ಕೊನೆಗೆ ಚಪ್ಪಾಳೆ ಬಿತ್ತು. ಮೇಡಂ ಕಣ್ಣು ಒರೆಸಿಕೊಂಡರು. ನನಗೂ ಎದೆ ಹಗುರಾಯಿತು. ನಾಚಿಕೆಗೆಟ್ಟವಳು ನಾನು, ಆ ಚಪ್ಪಾಳೆ ಸಿಹಿಯಾಗಿಯೇ ಇತ್ತು.

ಸೈಕಲ್ ಸ್ಟ್ಯಾಂಡಿನ ಹತ್ತಿರ ಅವಳ ತಂಗಿ ಅಡ್ಡ ನಿಂತಳು.

‘ಅದು ನಮ್ಮಕ್ಕ ಅಲ್ವಾ?’

‘ಹೂಂ.’

‘ಅಕ್ಕಗೆ ಹೇಳೀರೇನು ಇದನ್ನ?’

‘ಇಲ್ಲ.’

‘ಮತ್ತೆ ನಮಗ್ಯಾಕೆ ಹೇಳಿದ್ರಿ?’

ಕೇಳಿದವಳೇ ಜಡೆ ಹಿಂದಕ್ಕೆ ಎಸೆದು ಹೋದಳು. ಕಪಾಳಕ್ಕೆ ಬಿಗಿದಂತಾಯಿತು. ಹದಿನೈದು ವರ್ಷದ ಹುಡುಗಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಚಪ್ಪಾಳೆ ಹೊಡೆದವರಿಗೆ ನಾನು ಏನೂ ಅನ್ಯಾಯ ಮಾಡಿರಲಿಲ್ಲ.

ಅವತ್ತು ರೈಲಿಗೆ ಕಾಯಲಿಲ್ಲ, ಬಸ್ಸೇ ಹತ್ತಿದೆ. ದಾವಣಗೆರೆಗೆ, ಅವಳ ಟೇಲರ್ ಅಂಗಡಿಗೆ. ಮಧ್ಯದಲ್ಲಿ ಇಳಿದುಬಿಡೋಣ ಅಂತ ಎರಡು ಸಲ ಎದ್ದು ನಿಂತೆ. ಕಂಡಕ್ಟರ್ ‘ಏನವ್ವ, ಕುಂದ್ರೋದಾದ್ರೆ ಕುಂದ್ರು, ಇಳಿಯೋದಾದ್ರೆ ಇಳಿ’ ಅಂತ ಬೈದ. ಕೂತೆ.

ಅಂಗಡಿಯಲ್ಲಿ ಎರಡು ಮಷಿನ್ನು. ಮಾಲಕಿ ಊಟಕ್ಕೆ ಹೋಗಿದ್ದರು. ಅವಳೊಬ್ಬಳೇ ಹಲಗೆಯ ಮುಂದೆ ನಿಂತು ಬ್ಲೌಸ್ ಪೀಸ್ ಕತ್ತರಿಸುತ್ತಿದ್ದಳು. ನನ್ನನ್ನು ನೋಡಿದಳು. ಕತ್ತರಿ ನಿಲ್ಲಲಿಲ್ಲ.

‘ಅಳತೆ ಬ್ಲೌಸ್ ತಂದೀಯೇನು?’

‘ಇಲ್ಲ. ಒಂದು ಮಾತು ಹೇಳ್ಬೇಕಿತ್ತು.’

‘ಹೇಳು. ಕೈಗೆ ಕೆಲಸ ಐತೆ, ಕಿವಿ ಖಾಲಿ ಅದಾವೆ.’

ಶಾಲೆಯಲ್ಲಿ ಅಷ್ಟು ಚೆನ್ನಾಗಿ ಬಂದ ಮಾತು ಇಲ್ಲಿ ತೊದಲಿತು. ಅಂತೂ ಹೇಳಿದೆ. ಪ್ರಮೇಯ ಓದಿದ್ದೆ, ಮುಟ್ಟಿಲ್ಲ ಅಂದೆ, ಬರಲ್ಲ ಅಂದದ್ದು ನಾನೇ ಹುಟ್ಟಿಸಿದ್ದು. ಕತ್ತರಿ ನಿಂತಿತು.

‘ಗೊತ್ತೈತೆ’ ಅಂದಳು. ‘ನೀ ತ್ರಿಭುಜ ಎಳೆಯೋದು ನೋಡಿದ್ನಲ್ಲ. ಓದದೇ ಇದ್ದೋರು ಹಂಗೆ ಎಳೆಯಂಗಿಲ್ಲ.’

‘ಮತ್ತೆ ಒಂದ್ಸಲನಾದ್ರೂ ಯಾಕ ಕೇಳ್ಲಿಲ್ಲ ನೀನು?’

‘ನಾ ಯಾಕ ಕೇಳ್ಲಿ? ಹೇಳೋದು ನಿಂದಿತ್ತು.’

ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳು ಬಟ್ಟೆಯನ್ನು ಆಚೆ ಸರಿಸಿದಳು. ‘ಇದರ ಮ್ಯಾಲೆ ಕಣ್ಣೀರು ಬೀಳ್ಸಬ್ಯಾಡ, ಗಿರಾಕಿದು. ಕಲೆ ಆಗ್ತೈತೆ.’

ಆಮೇಲೆ ಗುರುತು ಹಾಕುವ ಸೀಮೆಸುಣ್ಣವನ್ನು ನನ್ನ ಮುಂದೆ ಇಟ್ಟಳು. ‘ತಗಾ. ಬರಿ ಅದನ್ನ. ಅಷ್ಟು ಮುಚ್ಚಿಟ್ಕೊಂಡಿದ್ಯಲ್ಲ, ನೋಡಾನ.’

ಹಲಗೆಯ ಮೇಲೆ ತ್ರಿಭುಜ ಎಳೆದೆ. ಒಳಗೆ ತಳಕ್ಕೆ ಸಮಾಂತರವಾಗಿ ಒಂದು ಗೆರೆ. ದತ್ತ ಅಂತ ಬರೆದೆ, ಸಾಧನೀಯ ಅಂತ ಬರೆದೆ. ರಚನೆ ಅಂತ ಬರೆದು ಕೈ ನಿಂತಿತು. ಮುಂದೇನು? ತಲೆ ಕೆರೆದುಕೊಂಡೆ. ಕಾಮರ್ಸ್ ಸೇರಿದ ಮೇಲೆ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಒಂದು ಗೆರೆಯೂ ನೆನಪಾಗಲಿಲ್ಲ.

ಅವಳು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ‘ಬಿ-ಇ ಸೇರ್ಸು, ಸಿ-ಡಿ ಸೇರ್ಸು. ಆಮ್ಯಾಲೆ ಎರಡು ಲಂಬ ಎಳಿ’ ಅನ್ನುತ್ತಾ ಸರಸರ ಬರೆದಳು. ವಿಸ್ತೀರ್ಣಗಳು, ಅನುಪಾತಗಳು, ಕೊನೆಯ ಸಾಲು. ಎಲ್ಲೂ ತಡೆಯಲಿಲ್ಲ.

‘ಸಪ್ಲಿಮೆಂಟರಿಗಂತ ಕಲ್ತಿದ್ದೆ. ಅಪ್ಪ ಫಾರಂಗೆ ಸೈನ್ ಹಾಕ್ಲಿಲ್ಲ’ ಅಂದಳು. ಬರೆದದ್ದನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದಳು. ‘ಎಷ್ಟು ಕೊಡ್ತೀ ಇದಕ್ಕೆ?’

‘ನಾಕಕ್ಕೆ ನಾಕು.’

‘ನಂಗೆ ಬೇಕಾಗಿದ್ದು ಮೂರು’ ಅಂದಳು. ಚಿಂದಿ ಬಟ್ಟೆಯಿಂದ ಹಲಗೆ ಒರೆಸಿ, ಗಿರಾಕಿಯ ಬ್ಲೌಸ್ ಪೀಸನ್ನು ಮತ್ತೆ ಹರಡಿಕೊಂಡಳು.