ಏನೂ ತರಲ್ಲ ಎಂದ ಮುನಿರತ್ನಮ್ಮ

ಜವಳಗಿರಿ ಪಕ್ಕದ ನಮ್ಮ ಹಳ್ಳಿಯಲ್ಲಿ ಮುನಿರತ್ನಮ್ಮನಷ್ಟು ಸಲೀಸಾಗಿ ಸುಳ್ಳು ಹೇಳುವವರು ಇನ್ನೊಬ್ಬರಿಲ್ಲ. ಆನೆ ಇಳಿದ ದಿನ ಬಿಟ್ಟರೆ ಐವತ್ತು ವರ್ಷದಿಂದ ಊರಾಚೆಯ ಗುಡ್ಡದ ಕಾಡಿಗೆ ಹೋಗಿಬರುತ್ತಾಳೆ. ಸೀಗೆಕಾಯಿ, ನೆಲ್ಲಿಕಾಯಿ, ಮೇಕೆಗೆ ಸೊಪ್ಪು, ಒಲೆಗೆ ಪುಳ್ಳೆ ಎಲ್ಲ ಅಲ್ಲಿಯದೇ. ಫಾರೆಸ್ಟ್ ಗಾರ್ಡು ಎದುರಾದರೆ ಮಾತ್ರ, ತಲೆಯ ಮೇಲೆ ಹೊರೆ ಇದ್ದರೂ, "ಏನೂ ತರಲ್ಲ ಸಾಮಿ" ಅನ್ನುತ್ತಾಳೆ. ಅತ್ತೆಯಿಂದ ಸೊಸೆಗೆ ಬಂದ ಪಾಠ ಅದು. ಊರಿನ ಹೆಂಗಸರೆಲ್ಲ ಕಲಿತದ್ದೇ.

ಹೋದ ವರ್ಷ ಹೊಸೂರಿನಿಂದ ದಿವ್ಯ ಎಂಬ ಹುಡುಗಿ ಸರ್ವೆಗೆ ಬಂದಳು. ಗುಡ್ಡದ ಕಾಡಿನಿಂದ ಯಾರಿಗೆ ಎಷ್ಟು ಉಪಯೋಗ, ಅದರ ಬೆಲೆಯೇನು ಎಂದು ಲೆಕ್ಕ ಹಾಕುತ್ತಾರಂತೆ. ನಮ್ಮೂರು ಗಡಿಯಾಚೆಯ ತಮಿಳು ಸೀಮೆಯಲ್ಲಿರುವುದರಿಂದ ಸರ್ವೆ ಫಾರಂ ತಮಿಳಿನಲ್ಲಿತ್ತು. ಊರ ಮೇಷ್ಟರೆಂದು ನನ್ನನ್ನೇ ಬರೆಯಲು ಕೂರಿಸಿದರು.

"ಅಜ್ಜಿ, ಕಾಡಿಂದ ಏನೇನು ತರ್ತೀರಾ?"

"ನಾವ್ಯಾಕವ್ವ ತತ್ತೀವಿ? ಏನೂ ಇಲ್ಲ."

"ಸೌದೆ?"

"ಗ್ಯಾಸ್ ಐತೆ."

"ನಿಜ ಹೇಳಿ ಅಜ್ಜಿ, ದಂಡ ಹಾಕೋಕಲ್ಲ ಕೇಳ್ತಿರೋದು."

ದಂಡ ಅಂದದ್ದೇ ತಡ, ಸುತ್ತ ನಿಂತವರೂ 'ಏನೂ ಇಲ್ಲ' ಎನ್ನತೊಡಗಿದರು. ಮುನಿರತ್ನಮ್ಮನ ಕೈಯಿಂದಲೇ ಸೀಗೆಪುಡಿ ಕೊಳ್ಳುವ ನಾನು ಒಳಗೊಳಗೇ ನಗುತ್ತಾ ಮನೆಮನೆಗೂ 'ಇಲ್ಲ' ಎಂದು ಬರೆದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಈ ವರ್ಷ ಗುಡ್ಡವನ್ನು ಕಲ್ಲು ಕ್ವಾರಿಗೆ ಕೊಡುವ ನೋಟೀಸು ಬಂತು. ಸರ್ವೆಯ ಪ್ರಕಾರ ಕಾಡಿನಿಂದ ಊರಿಗೆ ಏನೂ ಉಪಯೋಗವಿಲ್ಲ ಎಂದು ಅದರಲ್ಲಿ ಬರೆದಿತ್ತು. ಅಧಿಕಾರಿ ಊರೂರಿನವರ ಅಹವಾಲು ಕೇಳುವ ವಿಚಾರಣೆಯ ದಿನ ಮುನಿರತ್ನಮ್ಮ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

"ಸಾಮಿ, ಆ ಮರ ಇರೋದ್ಕೇ ನಮ್ ಬಾವೀಲಿ ನೀರೈತೆ. ನನ್ ಮೇಕೆ, ನನ್ ಒಲೆ, ಎಲ್ಲಾ ಆ ಗುಡ್ಡದಿಂದ್ಲೇ. ಐವತ್ತು ವರ್ಸ ಹೊತ್ತು ತಂದಿವ್ನಿ. ಎಷ್ಟಾದ್ರೂ ದಂಡ ಹಾಕ್ಕೊಳ್ಳಿ, ಕಟ್ತೀನಿ. ಗುಡ್ಡ ಮಾತ್ರ ಬುಟ್ಬುಡಿ."

ಅಧಿಕಾರಿ ಅವಳ ಹೆಬ್ಬೆಟ್ಟಿನ ಹಾಳೆ ತೋರಿಸಿದರು. ನನಗೆ ತಡೆಯಲಾಗಲಿಲ್ಲ. ಎದ್ದು, ಅದು ಸುಳ್ಳು, ಗೊತ್ತಿದ್ದೂ ನಾನೇ ಬರೆದೆ ಎಂದೆ. ಅವರಿಗೆ ಸಿಟ್ಟೂ ಬರಲಿಲ್ಲ. ಆಗ ಹೇಳಿದ್ದು ಸುಳ್ಳಾದರೆ ಈಗ ಹೇಳುತ್ತಿರುವುದನ್ನು ಹೇಗೆ ನಂಬುವುದು ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿ, ಮುಂದಿನ ಊರಿನ ಹೆಸರು ಕೂಗಿಸಿದರು.

ಹೊರಗೆ ಬಂದು ಮುನಿರತ್ನಮ್ಮ ನೆಲದ ಮೇಲೇ ಕೂತಳು. "ನನ್ ಬಾಯಿಂದ್ಲೇ ಗುಡ್ಡ ಹೋಗ್ಬುಡ್ತಲ್ಲ ಮೇಷ್ಟ್ರೇ," ಎಂದು ಅತ್ತಳು.

ಅವಳು ಹೆದರಿ ಸುಳ್ಳು ಹೇಳಿದ್ದಳು. ಅದನ್ನು ಬರೆದ ನನಗೆ ಯಾವ ಹೆದರಿಕೆಯೂ ಇರಲಿಲ್ಲ.