ಉಸ್ತಾದರ ಕೆಂಪು ಗೆರೆ

ದೇವಾಪುರದ ಅಂಬ್ರಪ್ಪ ಫೌಜಿಗೆ ಸೇರಿದಾಗ ಊರಿಗೆ ಕಾಲುವೆ ನೀರು ಬಂದು ಐದಾರು ವರ್ಷವಾಗಿತ್ತು. ಅಣ್ಣ ಭತ್ತ ಹಚ್ಚಿದ, ಇವನು ರೈಫಲ್ ಹಿಡಿದ. ಹವಾಲ್ದಾರನಾಗಿ, ಹೊಸದಾಗಿ ಸೇರಿದ ರಂಗರೂಟರಿಗೆ ಗುರಿ ಕಲಿಸುವ ಉಸ್ತಾದನಾದ.

ಗುಂಡು ಹೊಡೆದ ಮೇಲೆ ನಡೆದು ಹೋಗಿ ಹಾಳೆಯ ತೂತು ನೋಡುವುದು ಅಲ್ಲಿಯವರೆಗಿನ ಪದ್ಧತಿ. ಅವನು ಉಸ್ತಾದನಾಗಿದ್ದಾಗ ಒಂದು ವರ್ಷ ಮಷಿನ್ ಬಂತು. ಗುಂಡು ಎಲ್ಲಿ ಬಿತ್ತು, ಅಂಕ ಎಷ್ಟು ಎಂಬುದು ಆ ಕ್ಷಣವೇ ಪರದೆಯ ಮೇಲೆ. ನಳಿಗೆಗೆ ಸಿಕ್ಕಿಸಿದ ಪುಟ್ಟ ಡಬ್ಬಿ, ಟ್ರಿಗರ್ ಎಳೆಯುವ ಮೊದಲು ನಳಿಗೆ ಎತ್ತ ವಾಲಿತೆಂಬುದನ್ನು ಕೆಂಪು ಗೆರೆಯಾಗಿ ಎಳೆದು ತೋರಿಸುತ್ತಿತ್ತು.

ಕೊಂಕಲ್ಲಿನ ಬಸವಂತ್ರಾಯ ಎಂಬ ರಂಗರೂಟನ ಗುಂಡುಗಳು ದಿನಾ ಕೆಳಗೇ ಬೀಳುತ್ತಿದ್ದವು.

"ಸಪ್ಪಳಕ್ಕ ಅಂಜತಿ ನೀ," ಎಂದು ಅಂಬ್ರಪ್ಪ ಗದರಿಸಿದ.

"ಒಮ್ಮಿ ನೀವ ಹೊಡದು ತೋರಸ್ರಿ ಉಸ್ತಾದ್ರ. ಗೆರಿ ಹ್ಯಾಂಗ ಇರಬೇಕು ನೋಡ್ತೀನ್ರಿ."

ಅಂಬ್ರಪ್ಪ ಮಲಗಿ ಐದು ಗುಂಡು ಹೊಡೆದ. ಮೂರು ನಡುವಿಗೆ ಬಿದ್ದವು, ಎರಡು ಕೆಳಗೆ. ಐದೂ ಸಲ ಗೆರೆ ಕೊನೆಗೆ ಗಕ್ಕನೆ ಕೆಳಗಿಳಿದಿತ್ತು. ಗುಂಡು ಹಾರುವ ಮೊದಲೇ ಭುಜ ಬಿಗಿಯುತ್ತಿದೆ ಎಂದು ಮಷಿನ್ ಬರೆಯಿತು.

"ಮಷಿನ್ ಕೆಟ್ಟದ," ಎಂದು ರೈಫಲ್ ಬದಲಿಸಿದ, ಡಬ್ಬಿಯನ್ನೂ ಬದಲಿಸಿದ. ಗೆರೆ ಬದಲಾಗಲಿಲ್ಲ.

ಹದಿನಾರು ವರ್ಷದ ಹಿಂದೆ ಪಕ್ಕದವನ ರೈಫಲ್ ಸಿಡಿದು ಅಂಬ್ರಪ್ಪನ ಕಿವಿಯಿಂದ ರಕ್ತ ಸುರಿದಿತ್ತು. ಆಮೇಲೂ ಗುರಿ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಬಂದದ್ದರಿಂದ ಅದನ್ನು ಮರೆತೇಬಿಟ್ಟಿದ್ದ. ಸಂಜೆ ಹೆಂಡತಿ ತಿಮ್ಮವ್ವನಿಗೆ ಫೋನು ಹಚ್ಚಿ ಹೇಳಿದ.

"ನನಗ ಗೊತ್ತಿತ್ತು ಬಿಡ್ರಿ," ಎಂದಳು ತಿಮ್ಮವ್ವ. "ಲಗ್ನದಾಗ ಪಟಾಕಿಗೆ ಬೆಂಕಿ ಹಚ್ಚೂದ್ರಾಗ ಹೆಗಲ ಕುಗ್ಗಸ್ತೀರಿ."

"ಮತ್ತ ಯಾಕ ಹೇಳಲಿಲ್ಲ?"

"ಉಸ್ತಾದ್ರಿಗೆ ನಾ ಏನ ಹೇಳ್ಲಿ?"

ಅಂಬ್ರಪ್ಪನಿಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ.

ಮರುದಿನ ಬಸವಂತ್ರಾಯನನ್ನು ಕರೆದ. "ನಿನ್ನ ಅಂಜಿಕಿ ನನಗೂ ಅದ. ಕೂಡೇ ಕಲಿಯೋಣು, ಬಾ."

ಒಬ್ಬನು ರೈಫಲ್ ತುಂಬಬೇಕು, ಒಮ್ಮೆ ನಿಜವಾದ ಗುಂಡು, ಒಮ್ಮೆ ಮದ್ದಿಲ್ಲದ ಸುಳ್ಳು ಗುಂಡು. ಇನ್ನೊಬ್ಬನು ಯಾವುದೆಂದು ತಿಳಿಯದೆ ಹೊಡೆಯಬೇಕು. ಸುಳ್ಳು ಗುಂಡಿಗೂ ಭುಜ ಹಾರಿದಾಗ ಇಬ್ಬರೂ ಪರದೆಯ ಮುಂದೆ ಕೂತು ಗೆರೆ ಎಲ್ಲಿ ಇಳಿಯಿತೆಂದು ನೋಡುತ್ತಿದ್ದರು. ಐದು ವಾರ ಹೀಗೇ ನಡೆಯಿತು. ಬಸವಂತ್ರಾಯ ಪಾಸಾದ. ಅಂಬ್ರಪ್ಪನ ಗೆರೆ ಬಹಳಷ್ಟು ನೆಟ್ಟಗಾಯಿತು, ಪೂರ್ತಿ ಆಗಲಿಲ್ಲ. ತಾನೇ ಸಾಹೇಬರ ಮುಂದೆ ನಿಂತು ಮತ್ತೆ ಗುರಿ ಪರೀಕ್ಷೆ ಕೇಳಿ ಪಡೆದ. ಗುರಿಯಲ್ಲಿ ಅವನ ದರ್ಜೆ ಒಂದು ಮೆಟ್ಟಿಲು ಇಳಿಯಿತು. ಆದರೂ ಕಲಿಸುವ ಕೆಲಸ ಉಳಿಯಿತು.

ನಿವೃತ್ತನಾಗುವ ತನಕ ಪ್ರತಿ ಹೊಸ ತಂಡಕ್ಕೂ ಮೊದಲು ತನ್ನ ಆ ಐದು ಗುಂಡುಗಳ ಚಿತ್ರ ತೋರಿಸಿ, "ಇದು ನಂದ," ಎಂದು ಪಾಠ ಶುರುಮಾಡುತ್ತಿದ್ದ.